ಭೋಪಾಲದ ಗಾಳಿಗೊಂದು ರವಿಕೆ

ನಾಯಕ ಮಾಸ್ತರು ಸೈಕಲ್ಲನ್ನು ಬೇಲಿಗೆ ಒರಗಿಸಿ ಅಂಗಳಕ್ಕೆ ಕಾಲಿಟ್ಟಾಗ ಬಂಗಾರಿ ಗಂಜಿ ಬಸಿಯುತ್ತಿದ್ದಳು. ಅವರು ತಂದ ಸುದ್ದಿಗೆ ಆ ಹೊತ್ತಿನ ಗಂಜಿಯೇನೂ ಚೆಲ್ಲಿ ಹೋಗಲಿಲ್ಲ. ಆದರೆ ಅಲ್ಲಿಂದ ಮುಂದೆ, ದೀಪಾವಳಿ ಕಳೆಯುವ ತನಕ, ಆ ಮನೆಯಲ್ಲಿ ಒಂದು ಊಟವೂ ಜಗಳವಿಲ್ಲದೆ ಮುಗಿಯಲಿಲ್ಲ.

ಹೊಳನಗದ್ದೆಯಲ್ಲಿ ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದಲ್ಲಿ ಹಮ್ಮ ಗೌಡನ ಮನೆ ಎಂದರೆ ಯಾರಿಗೂ ಹಮ್ಮನ ನೆನಪಾಗುತ್ತಿರಲಿಲ್ಲ, ಅವನ ಹೆಂಡತಿ ಗಂಗಿಯ ನೆನಪಾಗುತ್ತಿತ್ತು. ಮದುವೆಯಿರಲಿ, ನಾಟಿಯಿರಲಿ, ಸುಗ್ಗಿಯಿರಲಿ, ಪದ ಎತ್ತುವವಳು ಗಂಗಿಯೇ. ಕಳೆದ ವರ್ಷ ಕುಮಟೆಗೆ ಬಂದಿದ್ದ ಯಾರೋ ದೊಡ್ಡ ಅಧಿಕಾರಿಯ ಎದುರು ಮಾಸ್ತರು ಅವಳನ್ನು ಹಾಡಿಸಿದ್ದರು. ಅದರ ಫಲ ಈಗ ಬಂದಿತ್ತು. ಭೋಪಾಲ ಎಂಬ ಊರಿನಲ್ಲಿ ದೇಶದ ಹಳ್ಳಿಹಳ್ಳಿಯ ಹಾಡುಗಾರರನ್ನು ಸೇರಿಸುತ್ತಾರಂತೆ. ಹೋಗಿ ಬರುವ ಖರ್ಚೆಲ್ಲ ಅವರದೇ. ಗಂಗಿ ಬರಬೇಕು, ಅವಳ ಜೊತೆ ಸೊಲ್ಲು ಹಿಡಿಯುವವಳು ಒಬ್ಬಳು ಬರಬೇಕು, ಮಾಸ್ತರೇ ಜೊತೆಗಿದ್ದು ಕರೆದುಕೊಂಡು ಬರುತ್ತಾರೆ.

"ಎಲ್ಲಿ ಬಂತು ಅದು? ಕಾರವಾರದ ಆಚೆಯಾ?" ಎಂದು ಹಮ್ಮ ಕೇಳಿದ. ಅವನ ಲೆಕ್ಕದಲ್ಲಿ ದೂರ ಎಂದರೆ ಕಾರವಾರ.

"ಕಾರವಾರ ಬಿಡು ಹಮ್ಮಾ. ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಪುಣೆಗೆ ರೈಲು, ಮತ್ತೆ ರೈಲು ಬದಲ್ಸಬೇಕು. ದೊಡ್ಡ ಕೆರೆ ಅದೆ ಅಲ್ಲಿ, ಆಚೆ ದಡ ಕಾಣೂದೇ ಕಷ್ಟ. ಊರೆಲ್ಲ ಕೆರೆ ದಂಡೆ ಮೇಲೇ ಕೂತದೆ. ದೀಪಾವಳಿ ಕಳೀತು ಅಂದ್ರೆ ಅಲ್ಲಿ ಗಾಳಿ ಅಂದ್ರೆ ಗಾಳಿ. ಚಳೀನೂ ಶುರು ಆಗ್ತದೆ. ಗಂಗೀ, ಮೈತುಂಬ ಬಟ್ಟೆ ತಕಂಡು ಬನ್ನಿ."

ಗಂಗಿ ನಕ್ಕಳು. "ಸಮುದ್ರದ ಗಾಳಿ ಕುಡ್ದು ಬೆಳ್ದವ್ರಿಗೆ ಕೆರೆ ಗಾಳಿ ಎಂತ ಮಾಡ್ತದೆ ಮಾಸ್ತರ್ರೇ?"

ಮಾಸ್ತರು ಒಂದು ಲೋಟ ಮಜ್ಜಿಗೆ ಕುಡಿದು ಸೈಕಲ್ ಏರಿದರು. ಪಾಪ, ಆ ಮನುಷ್ಯ ಒಳ್ಳೆಯದಕ್ಕೇ ಹೇಳಿದ್ದು. ಮೈತುಂಬ ಬಟ್ಟೆ ಎಂಬ ಒಂದು ಮಾತು ಆ ಮನೆಯಲ್ಲಿ ಯಾವ ಬೆಂಕಿ ಹಚ್ಚುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಗಂಗಿಯ ಜೊತೆ ಸೊಲ್ಲು ಹಿಡಿಯುವವಳು ಎಂದರೆ ಸೊಸೆ ಬಂಗಾರಿ. ಗಂಗಿ ಒಂದು ಸೊಲ್ಲು ಹೇಳಿ ಉಸಿರು ಬಿಡುವ ಮೊದಲೇ ಬಂಗಾರಿ ಅದರ ತುದಿ ಹಿಡಿದು ಎತ್ತಬೇಕು; ಬಂಗಾರಿಯ ಉಸಿರು ಮುಗಿಯುವ ಮೊದಲೇ ಗಂಗಿ ಮುಂದಿನದಕ್ಕೆ ಹಾರಬೇಕು. ನಡುವೆ ಒಂದು ಕಾಳಿನಷ್ಟು ಸಂದು ಬಿಟ್ಟರೂ ಪದ ಸತ್ತಿತು ಎನ್ನುತ್ತಿದ್ದಳು ಗಂಗಿ. ಬಂಗಾರಿ ತಾಯಿಯಿಲ್ಲದ ಮನೆಯಿಂದ, ಶರಾವತಿಯ ಆಚೆಯಿಂದ ಬಂದ ಹುಡುಗಿ. ಮದುವೆಯಾದ ಮೊದಲ ಮಳೆಗಾಲದಲ್ಲಿ ಬಾಯಿ ಇದೆಯೋ ಇಲ್ಲವೋ ಎನ್ನುವಂತೆ ಇದ್ದಳು. ಒಂದು ದಿನ ನಾಟಿ ಗದ್ದೆಗೆ ಗಂಗಿಯ ಜೊತೆಯವಳು ಬರಲಿಲ್ಲ. ಗಂಗಿ ಸೊಲ್ಲು ಎತ್ತಿ ಸುಮ್ಮನಾಗುವಷ್ಟರಲ್ಲಿ ಈ ಹುಡುಗಿ ಕೆಸರಲ್ಲಿ ಬಗ್ಗಿದಲ್ಲಿಂದಲೇ ಅದನ್ನು ಹಿಡಿದಳು. ಗಂಗಿ ತಿರುಗಿಯೂ ನೋಡಲಿಲ್ಲ, ಮುಂದಿನ ಸೊಲ್ಲು ಎತ್ತಿದಳು. ಅಂದಿನಿಂದ ಗಂಗಿಯ ಎಡಮಗ್ಗುಲು ಬಂಗಾರಿಯದು. ಆ ಮನೆಯಲ್ಲಿ ಅವಳದು ಎನ್ನುವ ಜಾಗ ಅದೊಂದೇ. ಒಲೆ, ಕೋಳಿ, ಅಕ್ಕಿ ಮಡಕೆ, ಗಂಡ ಎಲ್ಲದರ ಮೇಲೂ ಅತ್ತೆಯ ಮಾತೇ ನಡೆಯುತ್ತಿತ್ತು.

ಸಂಜೆ ಗಂಡ ಶುಕ್ರ ಬಂದ. ಅವನು ಕುಮಟೆ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆಯ ಥಾನು ಇಳಿಸುವ, ಬಿಚ್ಚಿ ತೋರಿಸುವ, ಮತ್ತೆ ಮಡಚಿಡುವ ಕೆಲಸಕ್ಕಿದ್ದ. ಕಾಲರಿನ ಅಂಗಿ ತೊಡುತ್ತಿದ್ದ. ಕುಚ್ಚಲಕ್ಕಿ ಅನ್ನ, ಒಣ ಶೆಟ್ಲಿ ಸಿಗಡಿಯ ಚಟ್ನಿ, ಬಸಳೆ ಹುಳಿ ಬಡಿಸಿ ಬಂಗಾರಿ ಸುದ್ದಿ ಹೇಳಿದಳು. ಹೇಳುವಾಗ ನಗು ತಡೆಯಲಾಗಲಿಲ್ಲ. ರೈಲು ಎಂಬುದನ್ನು ಅವಳು ಮಗಳು ಲಕ್ಕಿಯ ಶಾಲೆಯ ಪುಸ್ತಕದಲ್ಲಿ ಮಾತ್ರ ನೋಡಿದ್ದಳು.

ಶುಕ್ರ ಎರಡು ತುತ್ತು ಉಂಡು ಹೇಳಿದ: "ಹೋಗ್ಲಿ. ಆದ್ರೆ ಇವ್ಳು ರವಿಕೆ ಹಾಯ್ಕಂಡೇ ಹೋಗ್ಬೇಕು."

ಗಂಗಿಯ ಕೈ ತಟ್ಟೆಯಲ್ಲೇ ನಿಂತಿತು. "ಎಂತದು?"

"ರವಿಕೆ."

ಕೊಪ್ಪದ ಹೆಂಗಸರು ರವಿಕೆ ತೊಡುವವರಲ್ಲ. ಸೀರೆಯನ್ನು ಬಳಸಿ ಉಟ್ಟು ಹೆಗಲ ಮೇಲೆ ಗಂಟು ಹಾಕಿದರೆ ಮುಗಿಯಿತು. ಕಿವಿಯ ಬುಡದಿಂದ ಎದೆಯ ತನಕ ಮಣಿಸರಗಳು ಕೂರುತ್ತವೆ. ತೋಳು, ಬೆನ್ನು ಬಿಸಿಲಿಗೆ, ಮಳೆಗೆ, ಗಾಳಿಗೆ. ಗಂಗಿ ಹಾಗೇ ಉಟ್ಟವಳು, ಬಂಗಾರಿಯೂ ಹಾಗೇ.

"ನಿನ್ನ ಧಣಿಗೆ ಬಟ್ಟೆ ಖರ್ಚಾಗೂದಿಲ್ಯಾ? ಅದ್ಕೆ ನಮ್ಮ ಮೈಗೆ ಸುತ್ತೂಕೆ ಹೊರಟ್ಯಾ?"

"ಅವ್ವೀ, ತಮಾಷೆ ಬ್ಯಾಡ. ಮೊನ್ನೆ ಅಪ್ಸರಕೊಂಡದ ಅಬ್ಬಿ ನೋಡೂಕೆ ಬಂದವ್ರು ಎಂತ ಮಾಡಿದ್ರು ಗೊತ್ತದ್ಯಾ? ಕಟ್ಟಿಗೆ ಹೊರೆ ಹೊತ್ಕಂಡು ಬರ್ತಿದ್ದ ನಮ್ಮ ಹೆಂಗಸ್ರನ್ನ ನಿಲ್ಸಿ ಫೋಟೋ ತೆಗ್ದ್ರಂತೆ. ಬೆನ್ನು ತಿರುಗ್ಸಿ ನಿಲ್ಲಿ ಅಂದ್ರಂತೆ. ಅದ್ನ ಅಂಗಡಿಗೆ ಬಂದ ಜನ ಹೇಳ್ಕಂಡು ಹೇಳ್ಕಂಡು ನಗ್ತಿದ್ರು. ನಾನು ಅಲ್ಲೇ ಥಾನು ಮಡಚ್ತಾ ನಿಂತಿದ್ದೆ."

"ನಗೂರು ನಗ್ಲಿ. ಅವ್ರ ಹಲ್ಲು ಊರಿಗೆ ಕಂಡ್ತು. ನಮ್ಮದೆಂತ ಹೋತು?"

"ನಂದು ಹೋತು. ನಂಗೆ ಮುಖ ಎತ್ತೂಕೆ ಆಗ್ಲಿಲ್ಲ."

"ನೋಡು ಮಗಾ," ಗಂಗಿ ತಟ್ಟೆ ಬದಿಗೆ ಸರಿಸಿದಳು, "ಪದ ನಂದಲ್ಲ. ನನ್ನ ಅಜ್ಜಿದು, ಅವ್ಳ ಅಜ್ಜಿದು. ಅವ್ರು ಹೆಂಗೆ ಉಟ್ಟು ಹಾಡಿದ್ರೋ ಹಂಗೇ ಉಟ್ಟು ಹಾಡೂದು. ಅವ್ರ ಪದ ಬೇಕು, ಅವ್ರ ಸೀರೆ ನಾಚ್ಕೆ ಅಂದ್ರೆ ಹೆಂಗೆ? ರವಿಕೆ ಹಾಯ್ಕಂಡವ್ಳು ನನ್ನ ಮಗ್ಗುಲಲ್ಲಿ ನಿಲ್ಲೂದು ಬ್ಯಾಡ. ಇದು ಕಡೇ ಮಾತು."

"ರವಿಕೆ ಇಲ್ದೆ ಇವ್ಳು ಬಸ್ಸು ಹತ್ತಿದ್ರೆ ನಾನೂ ಈ ಮನೇಲಿ ಇರೂದಿಲ್ಲ. ಕುಮಟೆಲಿ ಬಿಡಾರ ಮಾಡ್ತೆ. ನಂದೂ ಕಡೇ ಮಾತು."

ಹಮ್ಮ ಬಸಳೆ ದಂಟನ್ನು ಚೀಪುತ್ತಾ ಮೆಲ್ಲಗೆ ಕೇಳಿದ: "ಆ ಹೆಣ್ಣಿನ ಹತ್ರ ಯಾರಾರೂ ಕೇಳಿದ್ರಾ?"

"ನೀ ಸುಮ್ನೆ ಉಣ್ಣು!" ಎಂದರು ತಾಯಿ ಮಗ ಒಟ್ಟಿಗೆ. ಆ ಸಂಜೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಬಂಗಾರಿ ಚಟ್ನಿಯ ಮರಿಗೆ ಎತ್ತಿಕೊಂಡು "ಇನ್ನೊಂಚೂರು ಹಾಕ್ಲಾ?" ಎಂದಳು. ಯಾರೂ ಬೇಕೆನ್ನಲಿಲ್ಲ. ಅವಳಿಗೆ ಹೋಗಬೇಕಿತ್ತು, ಅಷ್ಟೇ. ರೈಲು ನೋಡಬೇಕಿತ್ತು, ಆಚೆ ದಡ ಕಾಣದ ಕೆರೆ ನೋಡಬೇಕಿತ್ತು, ಅದರ ದಂಡೆಯಲ್ಲಿ ಅತ್ತೆಯ ಎಡಮಗ್ಗುಲಲ್ಲಿ ನಿಂತು ಹಾಡಬೇಕಿತ್ತು. ರವಿಕೆ ತೊಟ್ಟರೆ ಅತ್ತೆಯ ಮಗ್ಗುಲು ಹೋಗುತ್ತದೆ, ತೊಡದಿದ್ದರೆ ಗಂಡ ಹೋಗುತ್ತಾನೆ. ಬಡಿಸಿದ ಕೈಯನ್ನೇ ನೋಡುತ್ತಾ ಅವಳು ಬಾಗಿಲ ಹತ್ತಿರ ಕೂತುಬಿಟ್ಟಳು.

ಸಂತೆಯ ದಿನ ಬಂಗಾರಿ ಸೌತೆಕಾಯಿ, ಬಸಳೆಯ ಬುಟ್ಟಿ ಹೊತ್ತು ಕುಮಟೆಗೆ ಹೋದಳು. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಶುಕ್ರ ಒಂದು ತುಂಡು ಕೆಂಪು ಬಟ್ಟೆ ಹಿಡಿದು ಬಂದು ಅವಳನ್ನು ಶಿಂಪಿಯ ಅಂಗಡಿಗೆ ಕರೆದೊಯ್ದ. ಶಿಂಪಿಗೆ ಕೊಪ್ಪದ ಹೆಂಗಸರ ಅಳತೆ ತೆಗೆದು ಅಭ್ಯಾಸವಿರಲಿಲ್ಲ. ಪಟ್ಟಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ.

"ಈ ಮಣಿ ಎಲ್ಲ ಒಂಚೂರು ತೆಗಿ ಬಾಯೀ. ಇಲ್ದಿದ್ರೆ ಕೊರಳು ಎಲ್ಲಿ ಶುರು, ಎಲ್ಲಿ ಮುಗೀತು, ನಂಗೆ ಹೆಂಗೆ ತಿಳೀಬೇಕು?"

"ತೆಗೂಕಿಲ್ಲ," ಎಂದಳು ಬಂಗಾರಿ. "ಮದ್ವೆ ದಿನ ಹಾಕಿದ್ದು."

ಶಿಂಪಿ ಶುಕ್ರನ ಮುಖ ನೋಡಿದ. ಶುಕ್ರನಿಗೂ ಆ ಮಾತು ಮೀರುವ ಧೈರ್ಯ ಬರಲಿಲ್ಲ. ಕಡೆಗೆ ಶಿಂಪಿ ಮಣಿಗಳ ಮೇಲಿನಿಂದಲೇ ಪಟ್ಟಿ ಸುತ್ತಿ ಅಳತೆ ಬರೆದುಕೊಂಡ. ಅದರ ಫಲ ಏನಾಯಿತೆಂದು ಹೇಳಬೇಕಾಗಿಲ್ಲ. ಮುಂದಿನ ಸಂತೆಗೆ ತಯಾರಾದ ರವಿಕೆಯ ಕೊರಳು ಬುಟ್ಟಿಯ ಬಾಯಿಯಷ್ಟಿತ್ತು. ತೊಟ್ಟರೆ ಎರಡು ಹೆಗಲಿನಿಂದಲೂ ಇಳಿದು ಮೊಣಕೈಗೆ ಬರುತ್ತಿತ್ತು. ಶುಕ್ರ ಸಿಟ್ಟಾದ, ಶಿಂಪಿ ಮಣಿಗಳ ಮೇಲೆ ತಪ್ಪು ಹಾಕಿದ. ಕೊನೆಗೆ ಬಂಗಾರಿಯೇ ಎರಡೂ ಕೈಯಿಂದ ಸರಗಳನ್ನು ಒಟ್ಟಾಗಿ ಕಿವಿಯ ತನಕ ಎತ್ತಿ ಹಿಡಿದು, "ಈಗ ಅಳತೆ ತಕಳಿ, ಬೇಗ," ಎಂದಳು. ಅಷ್ಟು ಭಾರ ಎತ್ತಿ ನಿಂತ ತೋಳು ನಡುಗುತ್ತಿತ್ತು. ಶಿಂಪಿ ನಕ್ಕ, ಅವಳೂ ನಕ್ಕಳು. ಶುಕ್ರ ಮಾತ್ರ ನಗಲಿಲ್ಲ.

ಎರಡನೇ ಸಲ ಸರಿಯಾಗಿ ಬಂತು. ಮನೆಯಲ್ಲಿ ಯಾರೂ ಇಲ್ಲದಾಗ ತೊಟ್ಟು ನೋಡಿದಳು. ಪೇಟೆಯ ಹೆಂಗಸರಂತೆ ಸೆರಗು ಇಳಿಬಿಟ್ಟು ಉಟ್ಟರೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಾಗಾಗಿ ಮೊದಲಿನಂತೆಯೇ ಉಟ್ಟು ರವಿಕೆಯ ಮೇಲೇ ಹೆಗಲಿಗೆ ಗಂಟು ಹಾಕಿದಳು. ಗಂಟು ಉಬ್ಬಿ ಕೂತಿತು. ಶಾಲೆಯಿಂದ ಬಂದ ಲಕ್ಕಿ ನೋಡಿ, "ಅವ್ವೀ, ನೀ ಅರ್ಧ ನಮ್ಮೋರ ಹಂಗೆ, ಅರ್ಧ ಪೇಟೆಯೋರ ಹಂಗೆ ಕಾಣ್ತೆ," ಎಂದು ಕುಣಿದಳು.

ತೊಳೆದು ಬೇಲಿಯ ಮೇಲೆ ಹರವಿದ್ದನ್ನು ಗಂಗಿ ಕಂಡಳು.

"ಇದ್ಯಾರದು?"

"ನಂದು ಅತ್ತೆ."

"ಹೊಲ್ಸಿ ಆತಾ?"

"ಆತು."

ಗಂಗಿ ಬೈಯಲಿಲ್ಲ. ಬೈದಿದ್ದರೆ ಬಂಗಾರಿಗೆ ಬದುಕಿದೆ ಎನಿಸುತ್ತಿತ್ತು. ಅವಳು ಕುಡುಗೋಲು ತೆಗೆದುಕೊಂಡು ನೆಟ್ಟಗೆ ಪಕ್ಕದ ಮನೆಗೆ ಹೋಗಿ, ಕಮಲಿಯನ್ನು ಕರೆದು, "ನಾಳಿಂದ ಗದ್ದೆಲಿ ನನ್ನ ಮಗ್ಗುಲಲ್ಲಿ ಕೊಯ್ಯು, ಪದ ಕಲಿ. ಭೋಪಾಲಕ್ಕೆ ನೀ ಬತ್ತೆ," ಎಂದಳು. ಕಮಲಿ ಹೊಸದಾಗಿ ಮದುವೆಯಾಗಿ ಬಂದವಳು, ದನಿ ದೊಡ್ಡದು. ಕುಣಿದು ಒಪ್ಪಿದಳು.

ಕೊಯ್ಲು ಶುರುವಾಗಿತ್ತು. ಇಡೀ ಕೊಪ್ಪ ಗದ್ದೆಯಲ್ಲಿತ್ತು. ಗಂಗಿ ಸೊಲ್ಲು ಎತ್ತುತ್ತಿದ್ದಳು, ಕಮಲಿ ಹಿಡಿಯುತ್ತಿದ್ದಳು, ಬಂಗಾರಿ ನಾಲ್ಕು ಸಾಲು ಆಚೆ ಬಗ್ಗಿ ಕೊಯ್ಯುತ್ತಿದ್ದಳು. ಕಮಲಿಯ ದನಿ ಚೆನ್ನಾಗಿಯೇ ಇತ್ತು. ಆದರೆ ಗಂಗಿ ಸೊಲ್ಲು ಮುಗಿಸಿ ಉಸಿರು ಬಿಟ್ಟ ಮೇಲೆ ಅವಳು ಬಾಯಿ ತೆರೆಯುತ್ತಿದ್ದಳು. ಪ್ರತಿ ಸಲವೂ ಆ ಸಂದು. ಪ್ರತಿ ಸಲವೂ ಬಂಗಾರಿಯ ಗಂಟಲು ತಾನಾಗಿ ಎದ್ದು ಮತ್ತೆ ಕೂರುತ್ತಿತ್ತು. ಒಮ್ಮೆ ತಡೆಯಲಾರದೆ ಅಲ್ಲಿಂದಲೇ ಸೊಲ್ಲು ಹಿಡಿದಳು. ಗಂಗಿ ಪದವನ್ನೇ ನಿಲ್ಲಿಸಿ, "ಬಾಯಾರ್ತದೆ, ಯಾರಾರೂ ನೀರು ತನ್ನಿ," ಎಂದಳು. ಬಂಗಾರಿಗೆ ಅಳು ಬಂತು. ಭತ್ತದ ಧೂಳು ಎಂದು ಕಣ್ಣೊರೆಸಿಕೊಂಡಳು.

ಮನೆಯಲ್ಲಿ ಗಂಗಿ ಸೊಸೆ ಬಡಿಸಿದ್ದನ್ನು ಉಣ್ಣುವುದು ಬಿಟ್ಟಳು. ತಾನೇ ಬಡಿಸಿಕೊಳ್ಳುತ್ತಿದ್ದಳು. ಶುಕ್ರನದು ಇನ್ನೊಂದು ರಾಗ.

"ರವಿಕೆ ಅಟ್ಟದ ಮೇಲೆ ಇಟ್ಟಿದ್ದೆಂತಕೆ? ಹಾಯ್ಕಳೂಕೆ ಹೊಲ್ಸಿದ್ದು."

"ಗದ್ದೆಲಿ ಹಾಯ್ಕಂಡು ಕೊಯ್ಯೂಕಾಗೂದಿಲ್ಲ. ಕಂಕುಳು ಹಿಡೀತದೆ."

"ನೆವ ಹೇಳ್ಬ್ಯಾಡ. ನೀನೂ ಅವ್ವಿ ಕಡೇನೇ."

"ನಾ ಯಾರ ಕಡೇನೂ ಅಲ್ಲ. ಉಣ್ಣೂಕೆ ಬತ್ರಾ ಇಲ್ಯಾ?"

ಅವನು ಉಣ್ಣದೆ ಕುಮಟೆಗೆ ಹೋಗಿ ಹೋಟೆಲಿನಲ್ಲಿ ತಿಂದು ಬಂದ. ಹೀಗೆ ಒಬ್ಬರಲ್ಲ ಒಬ್ಬರು ಮುನಿಸಿಕೊಂಡು ಬಿಟ್ಟ ಅನ್ನವೆಲ್ಲ ಹಮ್ಮನ ಪಾಲಿಗೆ ಬರುತ್ತಿತ್ತು. ಇಡೀ ಮನೆಯಲ್ಲಿ ಆ ತಿಂಗಳು ಮೈ ತುಂಬಿಕೊಂಡವನು ಅವನೊಬ್ಬನೇ.

ಲಕ್ಕಿ ಒಂದು ದಿನ ಅಜ್ಜಿಯನ್ನೇ ಕೇಳಿದಳು. "ಅಜ್ಜೀ, ನಾ ಶಾಲೆಗೆ ಪೋಲ್ಕ ಹಾಯ್ಕಂಡು ಹೋಗ್ತೆ. ನಂಗೆ ನೀ ಎಂತೂ ಹೇಳೂದಿಲ್ಲ. ಅವ್ವಿಗೆ ಮಾತ್ರ ಯಾಕೆ?"

"ನಿಂಗೆ ಪದ ಬತ್ತದ್ಯಾ?"

"ಇಲ್ಲ. ಮಗ್ಗಿ ಬತ್ತದೆ."

"ಹಂಗಾರೆ ಪೋಲ್ಕ ಹಾಯ್ಕಂಡು ಮಗ್ಗಿ ಹೇಳು, ಹೋಗು."

ಹೊರಡುವುದಕ್ಕೆ ಇನ್ನು ಎರಡು ದಿನ ಇದೆ ಎನ್ನುವಾಗ ಕಮಲಿ ನಾಚಿಕೊಂಡು ಅಂಗಳಕ್ಕೆ ಬಂದಳು. ಗಂಗಿ ಭತ್ತ ಬಡಿಯುತ್ತಿದ್ದಳು. ಕಮಲಿ ಅವಳನ್ನು ದಾಟಿ ಜಗಲಿಯಲ್ಲಿದ್ದ ಶುಕ್ರನ ಹತ್ತಿರ ಹೋಗಿ ನಿಂತಳು.

"ಶುಕ್ರಣ್ಣಾ, ಬಂಗಾರಕ್ಕಂಗೆ ತಂದ್ಯಲ್ಲ, ಆ ಕೆಂಪು ಬಟ್ಟೆ, ಅದು ಇನ್ನೂ ಉಳ್ದದ್ಯಾ? ಅಲ್ಲಿ ಚಳಿ ಅಂತ್ರು ಮಾಸ್ತರ್ರು. ನಂಗೂ ಒಂದು..."

ಗಂಗಿಯ ಕೈಯಲ್ಲಿದ್ದ ಕಟ್ಟು ಕೆಳಗೆ ಬಿತ್ತು. "ಹೋಗ್ ಅತ್ಲಾಗೆ! ಇಡೀ ಕೊಪ್ಪಕ್ಕೇ ರವಿಕೆ ಹುಚ್ಚು ಹಿಡೀತು!"

ಕಮಲಿ ಬೇಲಿ ಹಾರಿ ಓಡಿದಳು. ಶುಕ್ರ ತಿಂಗಳಿಗೆ ಮೊದಲ ಸಲ ನಕ್ಕ. ಹಮ್ಮ ನಗುವುದನ್ನು ಹೆಂಡತಿ ಕಾಣದಿರಲೆಂದು ಮುಖ ತಿರುಗಿಸಿದ. ಗಂಗಿ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಬಂಗಾರಿಯನ್ನು ನೋಡದೆಯೇ ಹೇಳಿದಳು.

"ನಾಡ್ದು ನೀನೇ ಬಾ. ಅವ್ಳಿಗೆ ಹೆಂಗೂ ಪದದ ಸಂದು ಮುಚ್ಚೂಕೆ ಬರೂದಿಲ್ಲ. ಆದ್ರೆ ಆ ಕೆಂಪು ಚಿಂದಿ ಇಲ್ಲೇ ಬಿಟ್ಟು ಬಾ."

"ಆತು ಅತ್ತೆ," ಎಂದಳು ಬಂಗಾರಿ.

ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಶುಕ್ರ ಅವಳನ್ನು ಬದಿಗೆ ಕರೆದು, "ರವಿಕೆ ಗಂಟಿನಲ್ಲಿ ಇಟ್ಕಂಡ್ಯಾ? ಹುಬ್ಬಳ್ಳಿಲಿ ಇಳ್ದ ಕೂಡ್ಲೆ ಹಾಯ್ಕ," ಎಂದ.

"ಆತು," ಎಂದಳು ಅವನಿಗೂ.

ಅದು ಗಂಟಿನಲ್ಲಿತ್ತು ನಿಜ. ಅವಲಕ್ಕಿಯ ಕೆಳಗೆ, ಒಣಮೀನಿನ ಪೊಟ್ಟಣಕ್ಕೆ ತಾಗದಂತೆ ಮಡಚಿ ಇಟ್ಟಿದ್ದಳು. ತೊಡಬೇಕೋ ಬಿಡಬೇಕೋ ಎಂದು ಅವಳೇ ನಿಶ್ಚಯ ಮಾಡಿರಲಿಲ್ಲ. ಬಸ್ಸು ದೇವಿಮನೆ ಘಾಟಿ ಹತ್ತುವಾಗಲೂ ಮಾಡಿರಲಿಲ್ಲ, ಹುಬ್ಬಳ್ಳಿಯಲ್ಲಿ ಇಳಿದಾಗಲೂ ಮಾಡಿರಲಿಲ್ಲ. ರೈಲು ಕಂಡ ಮೇಲಂತೂ ರವಿಕೆಯೂ ಮರೆತುಹೋಯಿತು, ಗಂಡನೂ ಮರೆತುಹೋದ. ಕಿಟಕಿ ಬಿಟ್ಟು ಏಳಲಿಲ್ಲ. ಎದುರು ಕೂತವರು ಇವರ ಮಣಿ, ತೋಳು, ಬೆನ್ನು ನೋಡಿ ನೋಡಿ ದಣಿದು ನಿದ್ದೆ ಹೋದರು. ಗಂಗಿ ಒಣಮೀನಿನ ಪೊಟ್ಟಣ ಬಿಚ್ಚಿದಾಗ ರೈಲು ಡಬ್ಬಿಯ ಅರ್ಧ ಜನ ಎದ್ದು ಆಚೆ ಹೋದರು. ಮಾಸ್ತರು ತಲೆ ತಗ್ಗಿಸಿದರು. ಗಂಗಿ ಕಾಲು ಚಾಚಿ ಆರಾಮಾಗಿ ಉಂಡಳು.

ಭೋಪಾಲದಲ್ಲಿ ಇಳಿದಾಗ ಬೆಳಗಾಗಿತ್ತು. ಟಾಂಗಾದಲ್ಲಿ ಕೂತು ಕೆರೆ ದಂಡೆಯ ಛತ್ರಕ್ಕೆ ಬರುವಷ್ಟರಲ್ಲಿ ಮಾಸ್ತರು ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾಯಿತು. ಕೆರೆ ನಿಜಕ್ಕೂ ದೊಡ್ಡದು. ಅದರ ಮೇಲಿನಿಂದ ಬೀಸುವ ಗಾಳಿ ಹೊಳನಗದ್ದೆಯ ಗಾಳಿಯಲ್ಲ. ಅಲ್ಲಿಯದು ಒದ್ದೆ, ಉಪ್ಪು, ಮೈಗೆ ಹತ್ತಿಕೊಳ್ಳುತ್ತದೆ. ಇದು ಒಣ ಗಾಳಿ, ಬರಿಯ ತೋಳನ್ನು ಹಿಡಿದು ಹಿಂಡುತ್ತಿತ್ತು. ತಣ್ಣೀರಿನಲ್ಲಿ ಮಿಂದು ಬಂದ ಬಂಗಾರಿಯ ಹಲ್ಲು ಕಟಕಟ ಎನ್ನತೊಡಗಿತು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಟ್ಟೆಯ ಗಂಟು ಬಿಚ್ಚಿದಳು, ರವಿಕೆ ತೆಗೆದಳು, ಮಣಿಸರ ಎತ್ತಿ ತೊಟ್ಟಳು, ಮೇಲಿನಿಂದ ಸೀರೆಯ ಗಂಟು ಹಾಕಿದಳು. ಮೈ ಬೆಚ್ಚಗಾಯಿತು. ಇಷ್ಟು ದಿನ ಕಾಡಿದ್ದು ಇಷ್ಟು ಸುಲಭವಿತ್ತೇ ಎನಿಸಿತು.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಗಂಗಿ ನೋಡುತ್ತಲೇ ಇದ್ದಳು.

"ತಂದೇ ಬಿಟ್ಯಾ? ನಿನ್ನ ಗಂಡ ಇಲ್ಲಿ ಇಲ್ಲ. ಯಾರಿಗೆ ಹೆದ್ರಿ ಹಾಯ್ಕಂಡೆ?"

"ಯಾರಿಗೂ ಅಲ್ಲ ಅತ್ತೆ. ಚಳಿ ಆಗ್ತದೆ."

ಶುಕ್ರನ ನಾಚಿಕೆಯ ಬಗ್ಗೆ ಹೇಳಿದ್ದರೆ ಗಂಗಿಯ ಹತ್ತಿರ ಒಂದು ತಿಂಗಳ ಉತ್ತರವಿತ್ತು. ಚಳಿಗೆ ಇರಲಿಲ್ಲ. ಕಂಬಳಿಯನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಹಂಗಾರೆ ಸಂಜೆ ನಾ ಒಬ್ಳೇ ಹಾಡ್ತೆ. ನೀ ಬೆಚ್ಚಗೆ ಕೂತ್ಕ."

ಮಧ್ಯಾಹ್ನ ಕೊಟ್ಟ ರೊಟ್ಟಿ, ಬೇಳೆಯನ್ನು ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ತಿಂದರು. ಒಬ್ಬಳೇ ಹಾಡಿದರೆ ಪದದಲ್ಲಿ ಉಸಿರಿಗೊಂದು ಸಂದು ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬಂಗಾರಿ ಮೂರು ಸಲ ರವಿಕೆಯ ಹುಕ್ಕಿಗೆ ಕೈ ಹಾಕಿ ಮೂರು ಸಲವೂ ಹಿಂದೆಗೆದಳು. ಅಷ್ಟು ದೂರ ಬಂದು ಹಾಡದೆ ಹೋಗುವುದು ಅವಳಿಗೆ ಬೇಕಿರಲಿಲ್ಲ. ಆದರೂ ಬಿಚ್ಚಲು ಮನಸ್ಸು ಬರಲಿಲ್ಲ.

ಸಂಜೆ ಕೆರೆ ದಂಡೆಯ ಚಪ್ಪರಕ್ಕೆ ಕರೆದೊಯ್ದರು. ಗಾಳಿಗೆ ಚಪ್ಪರದ ಬಟ್ಟೆ ಪಟಪಟ ಬಡಿಯುತ್ತಿತ್ತು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಒಬ್ಬ ದೊಡ್ಡ ಹೆಂಗಸು. ಉಣ್ಣೆಯ ಸ್ವೆಟರು, ಅದರ ಮೇಲೆ ಶಾಲು, ಕಾಲಲ್ಲಿ ಕಾಲುಚೀಲ. ಮುಖದ ತುಂಬ ಪ್ರೀತಿ. ಕಂಬಳಿ ತೆಗೆದಿಟ್ಟು ನಿಂತ ಗಂಗಿಯನ್ನು ಕಂಡು ಅವಳು ಕೈ ಮುಗಿದಳು, ಮಣಿಸರಗಳನ್ನು ಮುಟ್ಟಿ ನೋಡಿದಳು. ಆಮೇಲೆ ಬಂಗಾರಿಯ ಮೇಲೆ ಕಣ್ಣು ಬಿತ್ತು. ನಗು ಕಡಿಮೆಯಾಯಿತು. ಮಾಸ್ತರನ್ನು ಕರೆದು ಹಿಂದಿಯಲ್ಲಿ ಏನೋ ಹೇಳಿದಳು. ಮಾಸ್ತರು ಏನೋ ಹೇಳಿದರು. ಅವಳು ಆಗದೆಂದು ತಲೆಯಾಡಿಸಿದಳು.

ಮಾಸ್ತರು ಬಂಗಾರಿಯ ಮುಖ ನೋಡದೆ ಹೇಳಿದರು: "ಬಂಗಾರೀ, ಅವ್ರು ಹೇಳ್ತ್ರು, ರವಿಕೆ ಬ್ಯಾಡಂತೆ. ನಿಮ್ಮ ಮೊದ್ಲಿನ ಉಡುಪಲ್ಲೇ ಹಾಡ್ಬೇಕಂತೆ, ಅದ್ನ ನೋಡೂಕೇ ಜನ ಬಂದದ್ದಂತೆ. ಅಲ್ಲಿ ಬಟ್ಟೆ ಮರೆ ಅದೆ, ಬಿಚ್ಚಿಟ್ಟು ಬಾ. ಇಲ್ದಿದ್ರೆ ಗಂಗಿ ಒಬ್ಳೇ ಸಾಕು ಅಂತ್ರು."

ಬಂಗಾರಿ ಅತ್ತೆಯ ಕಡೆ ನೋಡಿದಳು. ತಿಂಗಳಿಡೀ ಯಾವುದಕ್ಕಾಗಿ ಊಟ ಬಿಟ್ಟು ಜಗಳವಾಡಿದಳೋ ಅದು ಗಂಗಿಗೆ ಈಗ ಕೂತಲ್ಲೇ ಸಿಕ್ಕಿತ್ತು. ಗಂಗಿಯ ಮುಖದಲ್ಲಿ ಏನಿದೆಯೆಂದು ಓದಲು ಬಂಗಾರಿಗೆ ಧೈರ್ಯವಾಗಲಿಲ್ಲ. ಮರೆಗೆ ಹೋದಳು. ಬೆಳಿಗ್ಗೆಯಿಂದ ಬಿಡದ ಹಟ ಅಲ್ಲಿ ಮುರಿದುಬಿತ್ತು. ಚಳಿಯಾದರೆ ಆಗಲಿ, ಆ ಮಗ್ಗುಲು ಬೇಕು. ಮಣಿಸರದ ಕೆಳಗೆ ಕೈ ತೂರಿಸಿ ಮೇಲಿನ ಹುಕ್ಕು ಬಿಚ್ಚಿದಳು. ಎರಡನೆಯದು ಬಿಚ್ಚಲಾಗದಂತೆ ಬೆರಳು ಚಳಿಗೆ ಮರಗಟ್ಟಿ ಹೋಗಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಹಿಂದೆ ಗಂಗಿ ಬಂದು ನಿಂತಿದ್ದಳು.

"ಕೈ ತೆಗಿ."

ಬಂಗಾರಿ ಕೈ ತೆಗೆದಳು. ಅತ್ತೆ ತಾನೇ ಬಿಚ್ಚುತ್ತಾಳೆ ಎಂದುಕೊಂಡಳು. ಗಂಗಿ ಮುಂದೆ ಬಂದು ಎಡಗೈಯಿಂದ ಮಣಿಗಳನ್ನು ಮೇಲೆತ್ತಿ, ಬಲಗೈಯಿಂದ ಆ ಹುಕ್ಕನ್ನು ಹುಡುಕಿದಳು. ಜನ್ಮದಲ್ಲಿ ಅಂಥದ್ದನ್ನು ಮುಟ್ಟಿದವಳಲ್ಲ. ಎರಡು ಸಲ ಜಾರಿತು. ಮೂರನೇ ಸಲ ಬಿಚ್ಚಿದ್ದ ಹುಕ್ಕು ಮತ್ತೆ ಕೂತಿತು.

ಆಮೇಲೆ ಸೊಸೆಯ ತೋಳು ಹಿಡಿದು ಎಳೆದುಕೊಂಡೇ ಹೊರಗೆ ಬಂದಳು.

"ಮಾಸ್ತರ್ರೇ, ಆ ಅಮ್ಮಗೆ ಹೇಳಿ. ಇವ್ಳ ರವಿಕೆ ಕಂಡ್ರೆ ನಂಗೂ ಆಗೂದಿಲ್ಲ. ತಿಂಗ್ಳಿಂದ ಅದ್ಕೇ ಬಡ್ಕಂತೆ ಇದ್ದೆ. ಆದ್ರೆ ಅದು ನಮ್ಮನೆ ಜಗಳ. ಬಿಚ್ಚು ಅಂತ ನಾ ಹೇಳ್ತೆ, ಬಿಚ್ಚೂದಿಲ್ಲ ಅಂತ ಅವ್ಳು ಹೇಳ್ತಾಳೆ. ನಡುವೆ ಬಂದು ಬಿಚ್ಚು ಅನ್ನೂಕೆ ಇವ್ರು ಯಾರು?"

ಮಾಸ್ತರಿಗೆ ಆ ಗಾಳಿಯಲ್ಲೂ ಬೆವರು ಬಂತು. "ಅದ್ನ ಹೆಂಗೆ ಹೇಳೂದು ಗಂಗೀ?"

"ನಾ ಹೇಳ್ದ ಹಂಗೇ ಹೇಳಿ. ನೋಡೂಕೆ ಬಂದವ್ರು ಇದ್ರೆ ನೋಡ್ಕಂಡು ಹೋಗ್ಲಿ. ಪದ ಬೇಕಾದ್ರೆ ನಾವಿಬ್ರೂ ಹಾಡ್ತು. ಬ್ಯಾಡ್ದಿದ್ರೆ ರೈಲಿಗೆ ಹತ್ಸಿ."

ಮಾಸ್ತರು ಹೇಳಿದರು. ಅರ್ಧ ನುಂಗಿಯೇ ಹೇಳಿರಬೇಕು. ಆ ಹೆಂಗಸು ಶಾಲನ್ನು ಎದೆಗೆ ಎಳೆದುಕೊಂಡು ಇವರಿಬ್ಬರನ್ನೂ ನೋಡಿದಳು. ಆಮೇಲೆ ವೇದಿಕೆಯ ಕಡೆ ಕೈ ತೋರಿಸಿದಳು.

ಮೆಟ್ಟಿಲು ಹತ್ತುವಾಗ ಗಂಗಿ ಕಿವಿಯ ಹತ್ತಿರ ಬಂದು ಹೇಳಿದಳು: "ಗೆದ್ದೆ ಅಂತ ತಿಳ್ಕಬ್ಯಾಡ. ಪದ ಮುಗ್ದ ಮೇಲೆ ಮತ್ತೆ ಬೈತೆ."

"ಬೈಯಿ ಅತ್ತೆ," ಎಂದಳು ಬಂಗಾರಿ. ಅವಳಿಗೆ ಕಣ್ಣೊರೆಸಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಗಂಗಿ ಆ ಗಾಳಿಯಲ್ಲಿ ಸೊಲ್ಲು ಎತ್ತಿದಳು, ಬಂಗಾರಿ ಹಿಡಿಯಲೇಬೇಕಾಯಿತು.